ಮಕ್ಕಳಿಲ್ಲದ ಸೋದರತ್ತೆಯನ್ನು ಮನೆಯಲ್ಲಿಟ್ಟುಕೊಂಡವರ ಕಾನೂನು ಹೊಣೆ ಎಷ್ಟು?

ಕಲ್ಪತರು (ಮೈಸೂರು) – ಪ್ರಶ್ನೆ

ಮಾನ್ಯರೇ,

ನನ್ನ ತಂದೆಯ ಅಕ್ಕ, 78 ವರ್ಷದ ಸೋದರತ್ತೆ, ನಾಲ್ಕು ವರ್ಷಗಳಿಂದ ಮೈಸೂರಿನ ನಮ್ಮ ಮನೆಯಲ್ಲಿದ್ದಾರೆ. ಅವರಿಗೆ ಮಕ್ಕಳಿಲ್ಲ. ತಿಪಟೂರಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ಮಾವನವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಆಮೇಲೆ ಏಳು ವರ್ಷ ಅತ್ತೆ ಅಲ್ಲಿಯೇ ಒಬ್ಬರೇ ಇದ್ದರು. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ನಾನೇ ಹೋಗಿ ಕರೆತಂದೆ. ನನ್ನ ತಂದೆ ಈಗಿಲ್ಲ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನವರು ವರ್ಷಕ್ಕೊಂದು ಸೀರೆ ಕಳುಹಿಸುವುದನ್ನು ಬಿಟ್ಟರೆ ಬೇರೆ ಯಾವ ಭಾರಕ್ಕೂ ಹೆಗಲು ಕೊಟ್ಟವರಲ್ಲ. ಮಾವನವರು ಕಟ್ಟಿಸಿದ ತಿಪಟೂರಿನ ಮನೆಯಲ್ಲಿ ಈಗ ಅತ್ತೆಯ ಮೈದುನನ ಮಕ್ಕಳು ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಅತ್ತೆಗೆ ಕುಟುಂಬ ಪಿಂಚಣಿ ಬರುತ್ತದೆ, ಅವರ ಎ.ಟಿ.ಎಂ. ಕಾರ್ಡ್ ನನ್ನ ಬಳಿಯೇ ಇದೆ.

ಅತ್ತೆಯವರದು ಮೊದಲಿನಿಂದಲೂ ಗಡುಸು ಸ್ವಭಾವ. ಆದರೆ ಎರಡು ವರ್ಷಗಳಿಂದ ಅವರೊಂದಿಗೆ ಬಾಳುವುದು ಬಹಳ ಕಷ್ಟವಾಗಿದೆ. ತಾವೇ ಟ್ರಂಕಿನ ತಳದಲ್ಲಿ ಬಚ್ಚಿಟ್ಟ ಬಳೆಯನ್ನು ನನ್ನ ಪತ್ನಿ ಕದ್ದಳೆಂದು ಬೀದಿಗೆ ಕೇಳುವಂತೆ ಕೂಗುತ್ತಾರೆ. ಉಂಡು ಕೈತೊಳೆದ ಅರ್ಧ ಗಂಟೆಗೆ ಪಕ್ಕದ ಮನೆಯವರ ಕಾಂಪೌಂಡಿನ ಬಳಿ ನಿಂತು, ಬೆಳಗಿನಿಂದ ನನಗೆ ಅನ್ನ ಹಾಕಿಲ್ಲ ಎನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಚೀಲ ಹಿಡಿದು, ತಿಪಟೂರಿನ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲು ತೆರೆಯುತ್ತಾರೆ. ಎರಡು ಸಲ ಗ್ಯಾಸ್ ಒಲೆಯನ್ನು ಹಚ್ಚದೆ ತಿರುಗಿಸಿ ಬಿಟ್ಟಿದ್ದರು. ನೋಡಿಕೊಳ್ಳಲು ಗೊತ್ತುಮಾಡಿದ ಮೂವರು ಹೆಂಗಸರು ಒಂದೊಂದು ತಿಂಗಳೂ ನಿಲ್ಲಲಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹೋದ ತಿಂಗಳು ಎರಡು ದಿನ ಹೊರಗಿನಿಂದ ಬೀಗ ಹಾಕಿಕೊಂಡು ಹೋದೆವು. ಅದನ್ನು ನೋಡಿದ ಪಕ್ಕದ ಮನೆಯವರು ಪೊಲೀಸರಿಗೆ ತಿಳಿಸುವುದಾಗಿ ಹೇಳಿದ್ದಾರೆ.

ಅಣ್ಣನ ಮಗನೂ ಅಲ್ಲ, ತಮ್ಮನ ಮಗನಾದ ನನ್ನ ಮೇಲೆ ಇವರನ್ನು ಸಾಕುವ ಕಾನೂನುಬದ್ಧ ಹೊಣೆ ಇದೆಯೇ? ಅವರು ಹೊರಗೆ ಹೋಗಿ ಏನಾದರೂ ಅನಾಹುತವಾದರೆ ಅಪರಾಧ ನನ್ನದಾಗುತ್ತದೆಯೇ? ಬೀಗ ಹಾಕಿದ್ದು ತಪ್ಪೇ? ಅವರು ಒಪ್ಪದಿದ್ದರೂ ವೃದ್ಧಾಶ್ರಮಕ್ಕೆ ಸೇರಿಸಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಕರಿಕೋಟು (ಹಾಸನ)

ಮಾನ್ಯ ಕಲ್ಪತರು ಅವರೇ,

ನಿಮ್ಮ ಪ್ರಶ್ನೆಗಳಲ್ಲಿ ಎರಡು ಹೊಣೆಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿಕೊಂಡರೆ ದಾರಿ ಕಾಣುತ್ತದೆ. ಅತ್ತೆಯವರ ಅನ್ನ, ಬಟ್ಟೆ, ವಸತಿ, ಔಷಧದ ವೆಚ್ಚ ಭರಿಸುವ ಹೊಣೆ ಒಂದು. ಅವರು ನಿಮ್ಮ ಸೂರಿನಡಿ ಇರುವವರೆಗೆ ಅಪಾಯವಾಗದಂತೆ ಕಾಪಾಡುವ ಹೊಣೆ ಇನ್ನೊಂದು. ಮಕ್ಕಳಿಲ್ಲದವರ ವಿಷಯದಲ್ಲಿ ಮೊದಲನೆಯದನ್ನು ಕಾನೂನು ಆಸ್ತಿಯ ಜಾಡು ಹಿಡಿದು ಹಂಚುತ್ತದೆ. ಎರಡನೆಯದು, ನೆಂಟಸ್ತಿಕೆ ಯಾವುದೇ ಇರಲಿ, ಹಿರಿಯರು ಯಾರ ಕೈಯಲ್ಲಿದ್ದಾರೋ ಅವರ ಮೇಲೆ ಬೀಳುತ್ತದೆ.

ಮೊದಲು ವೆಚ್ಚದ ಮಾತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಅದರಡಿ ಹೆಂಡತಿ, ಮಕ್ಕಳು, ತಂದೆ, ತಾಯಿ ಜೀವನಾಂಶ ಕೇಳಬಹುದು. ಅತ್ತೆಗೆ ಅಲ್ಲಿ ಜಾಗವಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಮಕ್ಕಳಿಗೆ ವಿಧಿಸುವ ಹೊಣೆಯೂ ತಂದೆ ತಾಯಿಯರಿಗೆ, ಹೆಚ್ಚೆಂದರೆ ಮಕ್ಕಳಿಲ್ಲದ ಮಲತಾಯಿಗೆ ಸೀಮಿತ. ಉಳಿಯುವುದು 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ. ಅದರಲ್ಲಿ 'ಮಕ್ಕಳು' ಎಂದರೆ ವಯಸ್ಕರಾದ ಮಗ, ಮಗಳು, ಮೊಮ್ಮಗ, ಮೊಮ್ಮಗಳು. 60 ದಾಟಿದ, ಮಕ್ಕಳಿಲ್ಲದ ವ್ಯಕ್ತಿಗಾದರೆ 'ಸಂಬಂಧಿ' ಹೊಣೆಗಾರ. ಆದರೆ ಈ 'ಸಂಬಂಧಿ' ನಮ್ಮ ಆಡುಮಾತಿನ ಸಂಬಂಧಿಕನಲ್ಲ. ಆ ಹಿರಿಯರ ಕಾನೂನುಬದ್ಧ ವಾರಸುದಾರನಾಗಿದ್ದು, ಅವರ ಆಸ್ತಿಯನ್ನು ಈಗಾಗಲೇ ಸ್ವಾಧೀನದಲ್ಲಿಟ್ಟುಕೊಂಡಿರುವ ಅಥವಾ ಅವರ ಕಾಲಾನಂತರ ಪಡೆಯಲಿರುವ ವಯಸ್ಕನನ್ನು ಮಾತ್ರ ಕಾಯ್ದೆ ಹಾಗೆ ಕರೆಯುತ್ತದೆ. ಅಂಥವರು ಹಲವರಿದ್ದರೆ, ಪಡೆಯುವ ಪಾಲಿಗೆ ತಕ್ಕಂತೆ ಹೊರೆಯನ್ನೂ ಹಂಚಿಕೊಳ್ಳಬೇಕೆಂದು 4ನೇ ಕಲಂ ಹೇಳುತ್ತದೆ.

ಹಾಗಾದರೆ ಅತ್ತೆಯವರ ವಾರಸುದಾರರು ಯಾರು? ನೀವು ಹಿಂದೂಗಳೆಂದು ಭಾವಿಸಿ ಹೇಳುತ್ತಿದ್ದೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ, ಮಕ್ಕಳಿಲ್ಲದ ಹೆಂಗಸು ವಿಲ್ ಬರೆಯದೆ ತೀರಿಕೊಂಡರೆ, ಗಂಡನಿಂದ ವಾರಸಾಗಿ ಬಂದ ಆಸ್ತಿ ಗಂಡನ ವಾರಸುದಾರರಿಗೆ ಹಿಂದಿರುಗುತ್ತದೆ. ತಂದೆ ತಾಯಿಯಿಂದ ವಾರಸಾಗಿ ಬಂದದ್ದು ತಂದೆಯ ವಾರಸುದಾರರಿಗೆ ಹೋಗುತ್ತದೆ. ಸ್ವಂತ ಸಂಪಾದನೆ ಕೂಡ ಮೊದಲು ಹೋಗುವುದು ಗಂಡನ ಕಡೆಗೆ! ಇದು ನ್ಯಾಯವೇ ಎಂದು ಕೇಳಬೇಡಿ, ಕಾನೂನು ಸದ್ಯ ಹಾಗಿದೆ. ಆದ್ದರಿಂದ ತಿಪಟೂರಿನ ಮನೆಯ ಮಟ್ಟಿಗೆ 'ಸಂಬಂಧಿ' ಎನಿಸಿಕೊಳ್ಳುವವರು ಅಲ್ಲಿ ಪುಕ್ಕಟೆ ಕುಳಿತಿರುವ ಮೈದುನನ ಮಕ್ಕಳು, ನೀವಲ್ಲ. ಅತ್ತೆಯವರು ಅವರ ಮೇಲೆ ತಿಪಟೂರಿನ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಇಲ್ಲವೇ ತಾವು ವಾಸವಿರುವ ಮೈಸೂರಿನಲ್ಲಿ ಅರ್ಜಿ ಹಾಕಬಹುದು. ಎರಡಕ್ಕೂ 2007ರ ಕಾಯ್ದೆಯ 6ನೇ ಕಲಂ ಅವಕಾಶ ಕೊಟ್ಟಿದೆ. ಒಂದು ತೊಡಕುಂಟು. ತನ್ನ ಗಳಿಕೆ ಅಥವಾ ಆಸ್ತಿಯಿಂದ ಜೀವನ ಸಾಗಿಸಲಾರದವರಿಗೆ ಮಾತ್ರ ಜೀವನಾಂಶ ಸಿಗುತ್ತದೆ. ಪಿಂಚಣಿ ಅವರ ಖರ್ಚಿಗೆ ಸಾಲುತ್ತದೆಯೇ ಎಂಬುದನ್ನು ಮಂಡಳಿ ಮೊದಲು ನೋಡುತ್ತದೆ. ಆ ಪಿಂಚಣಿ ಅವರ ಹಣವೆಂಬುದನ್ನೂ ನೀವು ಮರೆಯಬಾರದು. ಕಾರ್ಡ್ ನಿಮ್ಮ ಬಳಿ ಇದ್ದರೆ, ತೆಗೆದ ಪ್ರತಿ ರೂಪಾಯಿಗೂ ಇಂದಿನಿಂದಲೇ ಒಂದು ಲೆಕ್ಕದ ಪುಸ್ತಕ ಇಡಿ.

ಇನ್ನು ಕಾಪಾಡುವ ಹೊಣೆ. ಇಲ್ಲಿ ನೀವು ವಾರಸುದಾರರೋ ಅಲ್ಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. 2007ರ ಕಾಯ್ದೆಯ 24ನೇ ಕಲಂ, ಹಿರಿಯ ನಾಗರಿಕರ 'ಆರೈಕೆ ಅಥವಾ ರಕ್ಷಣೆ' ಹೊತ್ತಿರುವ ಯಾರೇ ಆಗಲಿ, ಅವರನ್ನು ಪೂರ್ತಿಯಾಗಿ ಕೈಬಿಡುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟು ಬಂದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ನಾಲ್ಕು ವರ್ಷದ ಹಿಂದೆ ಅವರನ್ನು ಕರೆತಂದ ದಿನವೇ ನೀವು ಆ ಹೊಣೆ ಹೊತ್ತಿರಿ. ಇದು ಪೊಲೀಸರು ವಾರಂಟ್ ಇಲ್ಲದೆ ಕ್ರಮ ಜರುಗಿಸಬಹುದಾದ, ಆದರೆ ಜಾಮೀನು ಸಿಗುವ ಅಪರಾಧ. ಕಣ್ತಪ್ಪಿಸಿ ಅವರೇ ಹೊರಗೆ ಹೋದದ್ದು ಕೈಬಿಟ್ಟಂತಾಗುವುದಿಲ್ಲ. ಹೋದದ್ದು ಗೊತ್ತಾದ ಮೇಲೂ ಹುಡುಕದೆ, ದೂರು ಕೊಡದೆ ಸುಮ್ಮನಿದ್ದರೆ ನಿಮ್ಮ ಉದ್ದೇಶವನ್ನೇ ಪ್ರಶ್ನಿಸುತ್ತಾರೆ.

ಬೀಗದ ವಿಷಯದಲ್ಲಿ ನಿಮಗೆ ಸಮಾಧಾನದ ಮಾತು ಹೇಳಲಾರೆ. ಒಬ್ಬ ವ್ಯಕ್ತಿಯನ್ನು ಒಂದು ಎಲ್ಲೆಯಿಂದಾಚೆ ಹೋಗದಂತೆ ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನಲ್ಲಿ ಅಕ್ರಮ ಬಂಧನ. ಒಂದು ವರ್ಷದವರೆಗೆ ಸೆರೆಗೆ ಎಡೆಯಿದೆ, ದಿನಗಳು ಮೂರಕ್ಕೆ, ಹತ್ತಕ್ಕೆ ಏರಿದಂತೆ ಶಿಕ್ಷೆಯೂ ಏರುತ್ತದೆ. ಮನೆಯವರು ಒಳಗಿರುವಾಗ ರಾತ್ರಿ ಮುಂಬಾಗಿಲಿಗೆ ಬೀಗ ಹಾಕುವುದು ಎಲ್ಲ ಮನೆಗಳ ರೂಢಿ, ಅದನ್ನು ಯಾರೂ ಆಕ್ಷೇಪಿಸಲಾರರು. ವೃದ್ಧೆಯೊಬ್ಬರನ್ನೇ ಒಳಗಿಟ್ಟು ಹೊರಗಿನಿಂದ ಬೀಗ ಹಾಕುವುದು ಬೇರೆಯೇ ಮಾತು. ಬೆಂಕಿ ಬಿದ್ದರೆ ಏನು ಗತಿ ಎಂದು ಯೋಚಿಸಿ.

ವೃದ್ಧಾಶ್ರಮದ ಬಗ್ಗೆ: ತಿಳಿವಳಿಕೆ ಇರುವ ವ್ಯಕ್ತಿಯನ್ನು ಅವರ ಇಚ್ಛೆಗೆ ವಿರುದ್ಧವಾಗಿ ಎಲ್ಲಿಯೂ ಇರಿಸಲು ಬರುವುದಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯೂ ಇಲ್ಲಿ ಅಡ್ಡ ಬರುತ್ತದೆ. ಅದು ಸೊಸೆಯಂದಿರಿಗಷ್ಟೇ ಮೀಸಲೆಂದು ಜನ ತಿಳಿದಿದ್ದಾರೆ. ರಕ್ತಸಂಬಂಧದಿಂದ ಒಂದೇ ಮನೆಯಲ್ಲಿ ಬಾಳುತ್ತಿರುವ ಯಾವುದೇ ಹೆಂಗಸಿಗೆ ಅದು ಅನ್ವಯಿಸುತ್ತದೆ, ಮತ್ತು ಕಾನೂನಿನ ಕ್ರಮವನ್ನು ಅನುಸರಿಸದೆ ಅವರನ್ನು ಮನೆಯಿಂದ ಹೊರಹಾಕಬಾರದೆಂದು 17ನೇ ಕಲಂ ಹೇಳುತ್ತದೆ. ಅವರೇ ಒಪ್ಪಿದರೆ ಮಾತ್ರ ಒಳ್ಳೆಯ ಆಶ್ರಮಕ್ಕೆ ಸೇರಿಸಿ, ಹಣ ಕಟ್ಟುತ್ತ, ಹೋಗಿ ಬಂದು ಮಾಡುತ್ತಿದ್ದರೆ ಅದನ್ನು ಕೈಬಿಟ್ಟಂತೆ ಎಂದು ಯಾರೂ ಹೇಳಲಾರರು.

ಕೊನೆಗೆ ಒಂದು ಪ್ರಶ್ನೆ, ಇದಕ್ಕೆ ನೀವು ಮುಚ್ಚುಮರೆಯಿಲ್ಲದೆ ಉತ್ತರಿಸಬೇಕು. ಅತ್ತೆಯವರಿಗೆ ತವರಿನಿಂದ ಏನಾದರೂ ಬಂದಿತ್ತೇ? ಅದರಲ್ಲಿ ಏನನ್ನಾದರೂ ನಿಮ್ಮ ಹೆಸರಿಗೆ ಬರೆದಿದ್ದಾರೆಯೇ?

ನೇರಮಾತು (ಬೆಂಗಳೂರು)

ವಕೀಲರ ವಿವರಣೆ ಓದಿದ ಮೇಲೆ ನನಗೆ ಅನಿಸುವುದಿಷ್ಟು. ಹೊಣೆ ಮೈದುನನ ಮಕ್ಕಳದಾದರೆ ಇವರೇಕೆ ನವೆಯಬೇಕು? ಒಂದು ಕಾರು ಮಾಡಿಕೊಂಡು ಹೋಗಿ ತಿಪಟೂರಿನ ಅದೇ ಮನೆಯ ಜಗುಲಿಯ ಮೇಲೆ ಕೂರಿಸಿ ಬರಲಿ. ಆ ಮನೆ ಅವರದೇ ತಾನೇ? ಅದೂ ಬೇಡವೆಂದರೆ ಜಿಲ್ಲಾ ಆಸ್ಪತ್ರೆಗೆ ಸೇರಿಸಲಿ, ಅಲ್ಲಿ ಊಟವೂ ಇದೆ, ದಾದಿಯರೂ ಇದ್ದಾರೆ.

ಕರಿಕೋಟು (ಹಾಸನ)

ಜಗುಲಿಯ ಮೇಲೆ ಕೂರಿಸಿ ಕಾರು ತಿರುಗಿಸಿದ ಗಳಿಗೆಗೇ 24ನೇ ಕಲಂ ಅನ್ವಯಿಸಬಹುದು. ಒಳಗಿದ್ದವರು ಬಾಗಿಲು ತೆರೆಯಲಿಲ್ಲವೆಂದು ಆಮೇಲೆ ವಾದಿಸಿದರೆ ಅದೇ ಸಾಕ್ಷ್ಯವಾಗುತ್ತದೆ. ಆಸ್ಪತ್ರೆಯ ದಾರಿಯಂತೂ ಈಗ ಎಲ್ಲರ ಕಣ್ಣಿಗೆ ಬಿದ್ದಿದೆ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಲ್ಲಿ ಹೆತ್ತವರನ್ನು ಬಿಟ್ಟು ಹೋಗುತ್ತಿರುವ ಸಂಗತಿ ಬೆಳಕಿಗೆ ಬಂದಾಗ, 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಅಂಥ ಮಕ್ಕಳ ಮೇಲೆ ದೂರು ದಾಖಲಿಸುವಂತೆಯೂ, ಅವರಿಗೆ ಬರೆದುಕೊಟ್ಟ ವಿಲ್ ಮತ್ತು ಆಸ್ತಿ ವರ್ಗಾವಣೆಗಳನ್ನು ರದ್ದುಪಡಿಸಲು ಕ್ರಮ ಕೈಗೊಳ್ಳುವಂತೆಯೂ ಸೂಚಿಸಿದ್ದರು. ವಿಲ್ ವಿಷಯದಲ್ಲಿ ನನಗೆ ಒಂದು ತಕರಾರಿದೆ: ಬರೆದವರು ಬದುಕಿರುವವರೆಗೆ ಅದನ್ನು ಬದಲಿಸುವ ಹಕ್ಕು ಅವರೊಬ್ಬರದೇ, ಮತ್ತು 2007ರ ಕಾಯ್ದೆಯ 23ನೇ ಕಲಂ ಮಾತನಾಡುವುದು ಬದುಕಿರುವಾಗಲೇ ಮಾಡಿದ ವರ್ಗಾವಣೆಗಳ ಬಗ್ಗೆ. ಅದೇನೇ ಇರಲಿ, ಆಸ್ಪತ್ರೆಯವರು ಈಗ ಕಣ್ಣುಮುಚ್ಚಿ ಕೂರುವುದಿಲ್ಲ.

ದೀಪದ ಮಲ್ಲಿ (ಶಿವಮೊಗ್ಗ)

ಕಲ್ಪತರು ಅವರೇ, ನಾನು ಕಾನೂನು ಓದಿದವಳಲ್ಲ. ನಮ್ಮ ಅತ್ತೆಯವರನ್ನು, ಅಂದರೆ ನನ್ನ ಗಂಡನ ತಾಯಿಯನ್ನು, ಒಂಬತ್ತು ವರ್ಷ ನೋಡಿಕೊಂಡವಳು. ನೀವು 'ಸ್ವಭಾವ' ಎಂದು ಬರೆದ ಸಾಲಿನಲ್ಲಿಯೇ ನನ್ನ ಕಣ್ಣು ನಿಂತಿತು. ಬಚ್ಚಿಟ್ಟದ್ದನ್ನು ಮರೆತು ಕಳ್ಳತನವೆನ್ನುವುದು, ಉಂಡದ್ದು ನೆನಪಿಲ್ಲದಿರುವುದು, ನಡುರಾತ್ರಿ ಹಳೆಯ ಊರಿಗೆ ಹೊರಡುವುದು, ಇವು ಮೂರನ್ನೂ ನಾನು ಕಂಡಿದ್ದೇನೆ. ಹಟವೆಂದು ಎರಡು ವರ್ಷ ಜಗಳವಾಡಿದ ಮೇಲೆ ವೈದ್ಯರು ಅದನ್ನು ಮರೆವಿನ ಕಾಯಿಲೆಯೆಂದರು. ಆ ಎರಡು ವರ್ಷದಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ನಿಮ್ಮ ಅತ್ತೆಯವರಿಗೆ ಏನಾಗಿದೆಯೆಂದು ದೂರದಿಂದ ಹೇಳುವುದು ಸಲ್ಲದು. ಆದರೆ ವಕೀಲರನ್ನು ಕಾಣುವ ಮೊದಲು ಮನೋವೈದ್ಯರನ್ನು ಅಥವಾ ನರರೋಗ ತಜ್ಞರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೃದ್ಧರಿಗೆಂದೇ ಮನೋವೈದ್ಯ ವಿಭಾಗವಿದೆ. ತಕ್ಷಣಕ್ಕೆ ಮಾತನಾಡಲು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ.

ವೈದ್ಯರ ಚೀಟಿ ಚಿಕಿತ್ಸೆಗಷ್ಟೇ ಅಲ್ಲ, ನಿಮ್ಮ ರಕ್ಷಣೆಗೂ ಬೇಕಾಗುತ್ತದೆ. ನಮ್ಮ ಮನೆಗೆ ಒಮ್ಮೆ ಪೊಲೀಸರು ಬಂದದ್ದುಂಟು. ಅತ್ತೆಯವರು ದಾರಿಹೋಕರೊಬ್ಬರಿಗೆ ಸೊಸೆ ಹೊಡೆಯುತ್ತಾಳೆಂದು ಹೇಳಿದ್ದರು. ಬಂದವರಿಗೆ ನಾನು ವಿವರಿಸಲು ಹೋಗಲಿಲ್ಲ. ಕಡತವೊಂದನ್ನು ತೆರೆದಿಟ್ಟೆ: ವೈದ್ಯರ ವರದಿ, ಮಾತ್ರೆಗಳ ಪಟ್ಟಿ, ಅತ್ತೆಯವರ ತೂಕವನ್ನು ತಿಂಗಳಿಗೊಮ್ಮೆ ಬರೆದ ಹಾಳೆ. ಅನ್ನ ಹಾಕಿಲ್ಲವೆಂಬ ಮಾತಿಗೆ ಆ ತೂಕದ ಹಾಳೆಗಿಂತ ದೊಡ್ಡ ಉತ್ತರವಿರಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಬಗ್ಗೆ ಆಗ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ನೆನಪಿನ ಗಂಭೀರ ಏರುಪೇರೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಮಾನಸಿಕ ಅಸ್ವಸ್ಥರನ್ನು ಯಾವುದೇ ಬಗೆಯಲ್ಲಿ ಸರಪಳಿಯಿಂದ ಕಟ್ಟುವುದನ್ನು 95ನೇ ಕಲಂ ನಿಷೇಧಿಸಿದೆ. ಮಂಚಕ್ಕೆ ಸೀರೆಯಿಂದ ಕಟ್ಟಿದರೆ ಪರವಾಗಿಲ್ಲವೆಂದು ನಮ್ಮ ನೆಂಟರೊಬ್ಬರು ಹೇಳಿದ್ದರು, ಅದನ್ನೂ ಮಾಡಬೇಡಿ. ಮನೆಯವರು ಕರೆದುಕೊಳ್ಳಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂದೂ ಆ ಕಾಯ್ದೆಯಲ್ಲಿದೆ. ಅತ್ತೆಯವರಿಗೆ ಇನ್ನೂ ತಿಳಿವಳಿಕೆ ಇರುವ ಹೊತ್ತಿನಲ್ಲಿ, ಬಿಳಿ ಹಾಳೆಯ ಮೇಲೆ ಅವರ ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ, ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪರವಾಗಿ ತೀರ್ಮಾನಿಸುವ ಒಬ್ಬರನ್ನು ಅವರೇ ನೇಮಿಸಬಹುದು. ನಾವು ಅದನ್ನು ಮಾಡಲು ತಡಮಾಡಿದೆವು. ಬ್ಯಾಂಕಿನ ಕೆಲಸಕ್ಕೆ ಬರೆಸಿಕೊಂಡಿದ್ದ ಅಧಿಕಾರಪತ್ರವೂ ಕೈಕೊಟ್ಟಿತು. ಕೊಟ್ಟವರ ಬುದ್ಧಿ ಸ್ತಿಮಿತ ತಪ್ಪಿದ ಮೇಲೆ ಆ ಪತ್ರಕ್ಕೆ ಜೀವವಿಲ್ಲವೆಂದು ಬ್ಯಾಂಕಿನವರು ಹೇಳಿದಾಗಲೇ ನಮಗೆ ಗೊತ್ತಾದದ್ದು.

ಬೀಗಕ್ಕೆ ಬದಲು ನಾವು ಕಂಡುಕೊಂಡದ್ದು ಹೀಗೆ. ಮುಂಬಾಗಿಲಿಗೆ ಎತ್ತಿನ ಕೊರಳಿನ ಗಂಟೆ ಕಟ್ಟಿದೆವು. ಗ್ಯಾಸಿನ ರೆಗ್ಯುಲೇಟರ್ ಕಳಚಿ ಮೇಲಿನ ಗೂಡಿನಲ್ಲಿಡುತ್ತಿದ್ದೆವು. ಅವರ ಪ್ರತಿ ರವಿಕೆಯ ಒಳಬದಿಗೆ ನನ್ನ ಫೋನ್ ಸಂಖ್ಯೆ ಬರೆದ ಬಟ್ಟೆಯ ತುಂಡು ಹೊಲಿದೆ. ಬೀದಿಯ ಕೊನೆಯ ಎಳನೀರಿನವರಿಗೆ ಅವರ ಫೋಟೊ ತೋರಿಸಿಟ್ಟಿದ್ದೆ. ಮೂರು ಸಲ ಅವರೇ ಕೈಹಿಡಿದು ಕರೆತಂದರು. ಪಕ್ಕದ ಮನೆಯವರನ್ನು ಶತ್ರುವೆಂದು ಎಣಿಸಬೇಡಿ. ವೈದ್ಯರು ಹೇಳಿದ್ದನ್ನು ಅವರಿಗೆ ತಿಳಿಸಿ, ನಿಮಗೆ ಇನ್ನೊಂದು ಜೊತೆ ಕಣ್ಣು ಸಿಕ್ಕಂತಾಗುತ್ತದೆ.

ಇನ್ನೊಂದು ಮಾತು, ನಿಮ್ಮ ಪತ್ನಿಯ ಬಗ್ಗೆ. ಕಳ್ಳಿಯೆಂದು ದಿನವೂ ಕೇಳಿಸಿಕೊಳ್ಳುತ್ತಿರುವವರು ಅವರು. ನಿಮ್ಮ ಪ್ರಶ್ನೆಯಲ್ಲಿ ಅವರ ಪಾಡು ಒಂದೇ ಸಾಲಿನಲ್ಲಿ ಮುಗಿದಿದೆ. ರಕ್ತಸಂಬಂಧ ನಿಮ್ಮದು, ಮೈ ತೊಳೆಸುವ ಕೈ ಅವರದೆಂದು ತೋರುತ್ತದೆ. ಕಾನೂನು ಅವರ ಮೇಲೆ ಯಾವ ವೆಚ್ಚದ ಹೊಣೆಯನ್ನೂ ಹೊರಿಸಿಲ್ಲವೆಂದು ನನಗೆ ಗೊತ್ತು.

ಕಲ್ಪತರು (ಮೈಸೂರು)

ದೀಪದ ಮಲ್ಲಿ ಅವರ ಕೊನೆಯ ಮಾತು ನನ್ನ ಮನೆಯಲ್ಲಿಯೂ ಓದಿಸಿಕೊಂಡಿತು. ಮುಂದಿನ ವಾರ ವೈದ್ಯರನ್ನು ಕಾಣಲು ಸಮಯ ಪಡೆದಿದ್ದೇನೆ.

ವಕೀಲರು ಕೇಳಿದ್ದಕ್ಕೆ ಉತ್ತರ. ಅರಸೀಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ, ನನ್ನ ತಾತನವರ ಕಾಲಾನಂತರ ಅತ್ತೆಯವರ ಪಾಲಿಗೆ 1 ಎಕರೆ 10 ಗುಂಟೆ ತೆಂಗಿನ ತೋಟ ಬಂದಿತ್ತು. 2019ರಲ್ಲಿ, ಅಂದರೆ ಅವರು ನಮ್ಮ ಮನೆಗೆ ಬರುವ ಮೊದಲೇ, ಅದನ್ನು ನೋಂದಾಯಿತ ದಾನಪತ್ರದ ಮೂಲಕ ನನ್ನ ಹೆಸರಿಗೆ ಬರೆದಿದ್ದಾರೆ. ಪಹಣಿಯೂ ನನ್ನ ಹೆಸರಿನಲ್ಲಿದೆ. ನಾನು ಬೇಡಿದ್ದಲ್ಲ. ಮೊದಲು ಇದನ್ನು ಬರೆಯದಿದ್ದುದಕ್ಕೆ ಕ್ಷಮೆಯಿರಲಿ, ಅದು ಮುಗಿದ ವಿಷಯವೆಂದೇ ತಿಳಿದಿದ್ದೆ. ನಿನ್ನೆ ಪತ್ರವನ್ನು ತೆಗೆದು ಓದಿದೆ. "ನನ್ನ ಜೀವಿತಾವಧಿಯವರೆಗೂ ನನ್ನ ಯೋಗಕ್ಷೇಮವನ್ನು ನೀನೇ ನೋಡಿಕೊಳ್ಳತಕ್ಕದ್ದು" ಎಂಬ ಸಾಲು ಅದರಲ್ಲಿದೆ. ಪತ್ರ ಬರಹಗಾರರು ಎಲ್ಲ ದಾನಪತ್ರಗಳಲ್ಲಿಯೂ ಬರೆಯುವ ರೂಢಿಯ ಸಾಲು ಅದು ಎಂದು ಆಗ ಹೇಳಿದ್ದರು.

ಹಳೇ ಕಡತ (ತುಮಕೂರು)

ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. 2007ರ ಹಿರಿಯ ನಾಗರಿಕರ ಕಾಯ್ದೆಯ ಅರ್ಜಿಗಳ ಕಟ್ಟುಗಳನ್ನು ವರ್ಷಗಟ್ಟಲೆ ಕಟ್ಟಿ ಬಿಚ್ಚಿದ್ದೇನೆ. ತಮ್ಮ ಪ್ರಕರಣ ಈಗ ಪೂರ್ತಿ ಮಗ್ಗುಲು ಬದಲಿಸಿತು. ರೂಢಿಯ ಸಾಲೆಂದು ತಾವು ಹೇಳುವ ಆ ಒಂದು ಸಾಲಿನ ಮೇಲೆಯೇ ಇಡೀ ದಾನಪತ್ರ ನಿಂತಿದೆ.

23ನೇ ಕಲಂ ಹೇಳುವುದೇನೆಂದರೆ, ಈ ಕಾಯ್ದೆ ಜಾರಿಗೆ ಬಂದ ಮೇಲೆ ಹಿರಿಯ ನಾಗರಿಕರು ತಮ್ಮ ಆಸ್ತಿಯನ್ನು, ಪಡೆದವರು ತಮಗೆ ಮೂಲ ಸೌಕರ್ಯ ಮತ್ತು ದೈಹಿಕ ಅಗತ್ಯಗಳನ್ನು ಒದಗಿಸಬೇಕೆಂಬ ಷರತ್ತಿನೊಂದಿಗೆ ದಾನವಾಗಿ ಅಥವಾ ಬೇರೆ ರೀತಿಯಲ್ಲಿ ಕೊಟ್ಟು, ಪಡೆದವರು ಆ ಷರತ್ತಿಗೆ ತಪ್ಪಿದರೆ, ಆ ವರ್ಗಾವಣೆ ಮೋಸದಿಂದಲೋ ಬಲವಂತದಿಂದಲೋ ಅನುಚಿತ ಪ್ರಭಾವದಿಂದಲೋ ಆದದ್ದೆಂದು ಭಾವಿಸಿ, ಕೊಟ್ಟವರ ಇಚ್ಛೆಯಂತೆ ನ್ಯಾಯಮಂಡಳಿ ಅದನ್ನು ಅನೂರ್ಜಿತವೆಂದು ಘೋಷಿಸಬಹುದು. ಪಡೆದವನು ಮಗನೋ, ತಮ್ಮನ ಮಗನೋ, ಪರಸ್ಥಳದವನೋ ಎಂಬ ಭೇದ ಇಲ್ಲಿಲ್ಲ. 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥ ಷರತ್ತು ಇತ್ತೆಂಬುದು ಸಾಬೀತಾಗಲೇಬೇಕೆಂದು ಹೇಳಿ, ತಾಯಿಯೊಬ್ಬರು ಬರೆದ ಹಕ್ಕು ಬಿಡುಗಡೆ ಪತ್ರವನ್ನು ಉಳಿಸಿತು. ಆಗ ನಮ್ಮ ಕಚೇರಿಗೆ ಬರುತ್ತಿದ್ದ ಅನೇಕ ವೃದ್ಧರು ಬರಿಗೈಯಲ್ಲಿ ಹಿಂದಿರುಗುವಂತಾಯಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಈ ಕಾಯ್ದೆಯನ್ನು ವೃದ್ಧರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕೆಂದು ಹೇಳಿ, ಮಗನಿಗೆ ಬರೆದ ದಾನಪತ್ರವನ್ನು ರದ್ದುಪಡಿಸಿತು. ತಮ್ಮ ಪತ್ರದಲ್ಲಾದರೋ ಷರತ್ತನ್ನು ಹುಡುಕಬೇಕಾದ ಶ್ರಮವೇ ಇಲ್ಲ.

ಹಾಗೆಂದು ಹೆದರುವುದೂ ಬೇಡ. ಷರತ್ತು ಇರುವುದು ಒಂದು, ಅದಕ್ಕೆ ತಪ್ಪಿರುವುದು ಇನ್ನೊಂದು. ನಾಲ್ಕು ವರ್ಷ ಮನೆಯಲ್ಲಿಟ್ಟುಕೊಂಡು, ಮೂಳೆ ಮುರಿತಕ್ಕೆ ಚಿಕಿತ್ಸೆ ಕೊಡಿಸಿ, ಆಳುಗಳನ್ನು ಗೊತ್ತುಮಾಡಿದವರು ತಪ್ಪಿದ್ದಾರೆಂದು ಯಾರೂ ಸುಲಭವಾಗಿ ಹೇಳಲಾರರು. ಆದರೆ ಇದನ್ನೆಲ್ಲ ತೋರಿಸಬೇಕಾದವರು ತಾವು. ವಿಚಾರಣೆ ಹೇಗಿರುತ್ತದೆಂದು ಹೇಳುತ್ತೇನೆ. ಅರ್ಜಿ ಬಂದು ನೋಟಿಸು ಜಾರಿಯಾದ ಮೇಲೆ ಜೀವನಾಂಶದ ವಿಷಯವನ್ನು 90 ದಿನದಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ, ಕಾರಣ ಬರೆದು ಇನ್ನೂ 30 ದಿನ ಮುಂದುವರಿಸಬಹುದು. ಚುನಾವಣೆ, ಬರ, ನೆರೆ, ಸಚಿವರ ಪ್ರವಾಸಗಳ ನಡುವೆ ಅಧಿಕಾರಿಗಳು ಆ ಗಡುವನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳುತ್ತಾರೆಂಬುದು ಬೇರೆ ಕಥೆ. ಮೊದಲು ರಾಜಿ ಸಂಧಾನಕ್ಕೆ ಕಳುಹಿಸಬಹುದು. ಮಾಸಿಕ ಜೀವನಾಂಶದ ಮಿತಿ 10,000 ರೂಪಾಯಿ. ಆದೇಶಕ್ಕೆ ತಪ್ಪಿದರೆ ವಾರಂಟ್, ಒಂದು ತಿಂಗಳವರೆಗೆ ಸೆರೆ. ಮೇಲ್ಮನವಿ ಜಿಲ್ಲಾಧಿಕಾರಿಗಳಿಗೆ, 60 ದಿನದೊಳಗೆ.

ಅರ್ಜಿಯನ್ನು ಅತ್ತೆಯವರೇ ಕೊಡಬೇಕೆಂದಿಲ್ಲ. ಅವರಿಗೆ ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ನೋಂದಾಯಿತ ಸಂಸ್ಥೆ ಕೊಡಬಹುದು. ಮಂಡಳಿ ತಾನಾಗಿಯೂ ಕೈಗೆತ್ತಿಕೊಳ್ಳಬಹುದು. ಪಕ್ಕದ ಮನೆಯವರು 14567 ಹಿರಿಯರ ಸಹಾಯವಾಣಿಗೆ ಒಂದು ಕರೆ ಮಾಡಿದರೆ ಸಾಕು, ವಿಚಾರಿಸಲು ಜನ ಬಾಗಿಲಿಗೆ ಬರಬಹುದು. ನನ್ನ ಅನುಭವದಲ್ಲಿ ಸಾಹೇಬರು ಕಾಗದಕ್ಕಿಂತ ಮೊದಲು ವೃದ್ಧರ ಉಗುರು, ಬಟ್ಟೆ, ಕನ್ನಡಕಗಳನ್ನು ನೋಡುತ್ತಿದ್ದರು. ಕನ್ನಡಕದ ಕಡ್ಡಿಗೆ ದಾರ ಕಟ್ಟಿಕೊಂಡು ಬಂದ ತಾಯಿಯ ಮಗ, ತಿಂಗಳಿಗೆ ಎಂಟು ಸಾವಿರ ಕೊಡುತ್ತೇನೆಂದು ಎಷ್ಟು ಹೇಳಿದರೂ ನಂಬಿದವರನ್ನು ನಾನು ಕಾಣಲಿಲ್ಲ.

ಇನ್ನೊಂದು ಸಲಹೆ. ತೋಟದ ಆದಾಯವನ್ನೂ, ಅತ್ತೆಯವರಿಗೆ ಮಾಡುವ ಖರ್ಚನ್ನೂ ಒಂದೇ ಪುಸ್ತಕದಲ್ಲಿ ಎದುರುಬದುರು ಪುಟಗಳಲ್ಲಿ ಬರೆಯಿರಿ. ಕೊಬ್ಬರಿ ಮಾರಿದ ಹಣದಿಂದಲೇ ಒಬ್ಬ ಹೆಂಗಸನ್ನು ಹಗಲು ಹೊತ್ತು ಗೊತ್ತುಮಾಡಬಹುದೇ ಎಂದು ಲೆಕ್ಕ ಹಾಕಿ. ಆಗ ಬೀಗದ ಪ್ರಶ್ನೆಯೂ ಬಗೆಹರಿಯುತ್ತದೆ, ಷರತ್ತೂ ನೆರವೇರುತ್ತದೆ. ಮತ್ತು ಈಗಿನ ಸ್ಥಿತಿಯಲ್ಲಿ ಅವರಿಂದ ಹೊಸದಾಗಿ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ; ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಟಿದ ಪತ್ರ ನ್ಯಾಯಾಲಯದಲ್ಲಿ ದಾಟದು.

ಕಲ್ಪತರು (ಮೈಸೂರು)

ಎಲ್ಲರಿಗೂ ವಂದನೆಗಳು. ವೈದ್ಯರನ್ನು ಕಂಡು ಬಂದೆವು. ಮರೆವಿನ ಕಾಯಿಲೆಯ ನಡುಹಂತವೆಂದು ಹೇಳಿ, ಮಾತ್ರೆ ಬರೆದುಕೊಟ್ಟು, ತಿಂಗಳ ನಂತರ ಮತ್ತೆ ಬರಲು ಹೇಳಿದ್ದಾರೆ. ಪಕ್ಕದ ಮನೆಯವರಿಗೆ ವರದಿಯನ್ನು ತೋರಿಸಿದೆ. ಅವರು ಮಾತನಾಡಲಿಲ್ಲ, ಸಂಜೆ ಅತ್ತೆಯವರಿಗೆ ಒಂದು ಬಟ್ಟಲು ಪಾಯಸ ಕಳುಹಿಸಿದರು. ಲೆಕ್ಕದ ಪುಸ್ತಕವನ್ನು ಪತ್ನಿಯೇ ಬರೆಯುತ್ತಿದ್ದಾಳೆ. ಕಳೆದ ವರ್ಷ ತೋಟದಿಂದ ಬಂದದ್ದರಲ್ಲಿ ಹಗಲಿನ ಆಳಿಗೆ ಏಳು ತಿಂಗಳ ಸಂಬಳ ಹೊರಡುತ್ತದೆ. ಉಳಿದದ್ದಕ್ಕೆ ಪಾಲು ಕೊಡುವಂತೆ ಚಿಕ್ಕಪ್ಪನವರಿಗೆ ಪತ್ರ ಬರೆದಿದ್ದೇನೆ, ಉತ್ತರವಿಲ್ಲ.

ಕೊನೆಯದಾಗಿ ಒಂದು ಕೇಳುತ್ತೇನೆ, ಕೇಳಲು ನಾಚಿಕೆಯೂ ಆಗುತ್ತಿದೆ. ಆ ತೋಟವನ್ನು ಅತ್ತೆಯವರಿಗೇ ಹಿಂದಿರುಗಿಸಿಬಿಟ್ಟರೆ ನನ್ನ ಮೇಲಿನ ಕಾನೂನು ಹೊಣೆ ಮುಗಿಯುತ್ತದೆಯೇ?

ಕರಿಕೋಟು (ಹಾಸನ)

ನಾಚಿಕೆ ಬೇಡ, ನನ್ನ ಕಕ್ಷಿದಾರರಲ್ಲಿ ಹಲವರು ಇದನ್ನೇ ಕೇಳಿದ್ದಾರೆ. ಮುಗಿಯುವುದಿಲ್ಲ. ದಾನಪತ್ರವನ್ನು ಅನೂರ್ಜಿತಗೊಳಿಸಿ ತೋಟ ಹಿಂದಿರುಗಿದರೆ, ಅದು ಮತ್ತೆ ಅತ್ತೆಯವರಿಗೆ ತಂದೆಯಿಂದ ಬಂದ ಆಸ್ತಿಯಾಗುತ್ತದೆ. ಆಗ ಅವರ ತಂದೆಯ ವಾರಸುದಾರರಾಗಿ ನೀವು, ನಿಮಗೆ ಒಡಹುಟ್ಟಿದವರಿದ್ದರೆ ಅವರು ಮತ್ತು ನಿಮ್ಮ ಚಿಕ್ಕಪ್ಪ ಅದನ್ನು ಪಡೆಯಲಿರುವವರು. ಹಾಗಾಗಿ 2007ರ ಕಾಯ್ದೆಯ 'ಸಂಬಂಧಿ'ಗಳು. ಷರತ್ತಿನ ಬಾಗಿಲಿನಿಂದ ಹೊರಗೆ ಹೋದವರು ವಾರಸಿನ ಬಾಗಿಲಿನಿಂದ ಒಳಗೆ ಬರುತ್ತೀರಿ. ಚಿಕ್ಕಪ್ಪನೂ ಜೊತೆಗೆ ಬರುತ್ತಾರೆಂಬುದಷ್ಟೇ ಲಾಭ. ಬದಲಿಗೆ ನೀವೇ ಹೊಸ ದಾನಪತ್ರ ಬರೆದು ಅವರಿಗೆ ಕೊಟ್ಟರೆ, ಅದು ತಂದೆಯಿಂದ ವಾರಸಾಗಿ ಬಂದದ್ದಲ್ಲ, ದಾನವಾಗಿ ಬಂದದ್ದೆಂಬ ವಾದಕ್ಕೆ ಎಡೆಯಾಗುತ್ತದೆ. ಹಾಗಾದರೆ ನಿಮ್ಮ ತಾತ ನೆಟ್ಟ ತೆಂಗಿನ ಮರಗಳು ತಿಪಟೂರಿನ ಮೈದುನನ ಮಕ್ಕಳ ಪಾಲಾಗಬಹುದು, ಅತ್ತೆಯವರು ಮಾತ್ರ ಅದೇ ರಾತ್ರಿಯೂ ಎರಡು ಗಂಟೆಗೆ ಚೀಲ ಹಿಡಿದು ನಿಮ್ಮ ಬಾಗಿಲನ್ನೇ ತೆರೆಯುತ್ತಾರೆ, ಮತ್ತು 24ನೇ ಕಲಂ ಆಗಲೂ ನಿಮ್ಮನ್ನೇ ನೋಡುತ್ತದೆ.